ಬಾಣಂತಿ ಕೋಣೆಯ ಏಸಿ

ನನಗೆ ಸಿಟ್ಟು ಬಂದರೆ ಬುದ್ಧಿ ಚುರುಕಾಗುತ್ತದೆ. ನಮ್ಮ ಯಜಮಾನರಿಗೆ ಸಿಟ್ಟು ಬಂದರೆ ನಿದ್ದೆ ಬರುತ್ತದೆ. ಈ ಒಂದು ವ್ಯತ್ಯಾಸದಿಂದಲೇ ನಮ್ಮ ಸಂಸಾರ ಇಷ್ಟು ವರ್ಷ ಜಗಳವಿಲ್ಲದೆ ಸಾಗಿದೆ. ಜಗಳವಿಲ್ಲದೆ ಎಂದರೆ, ನಾನು ಆಡುತ್ತೇನೆ, ಅವರು ಮಲಗುತ್ತಾರೆ. ಆ ಬೇಸಿಗೆಯಲ್ಲಿ ಮಾತ್ರ ಅವರಿಗೂ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣ ನನ್ನ ನಾಲಿಗೆ.

ಮಗಳನ್ನು ಹರಿಹರಕ್ಕೆ ಕೊಟ್ಟಿದ್ದೇವೆ. ದಾವಣಗೆರೆಯಿಂದ ಹರಿಹರವೇನು ದೂರವೇ, ಒಲೆ ಮೇಲೆ ಬೇಳೆ ಇಟ್ಟು ಹೋಗಿ ಬರಬಹುದು ಎಂದು ಮದುವೆ ಕಾಲದಲ್ಲಿ ನಾವೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆವು. ಹತ್ತಿರ ಕೊಟ್ಟದ್ದರ ಕಷ್ಟ ಗೊತ್ತಾದದ್ದು ಅವಳು ಬಸುರಿಯಾದ ಮೇಲೆ. ದೂರದ ಬೀಗರಾದರೆ ಚೊಚ್ಚಲ ಬಾಣಂತನ ತವರಿನದು ಎಂದು ಸುಮ್ಮನೆ ಕಳಿಸಿಕೊಡುತ್ತಾರೆ. ಹತ್ತಿರದವರಿಗೆ ಕಳಿಸಿದರೂ ಒಂದೇ, ಕಳಿಸದಿದ್ದರೂ ಒಂದೇ ಅನ್ನಿಸಿಬಿಡುತ್ತದೆ.

ಕುಬುಸದ ದಿನ ಹಸಿರು ಸೀರೆ, ಹಸಿರು ಬಳೆ, ಐದು ಥರದ ಉಂಡೆ ತೆಗೆದುಕೊಂಡು ಹರಿಹರಕ್ಕೆ ಹೋಗಿದ್ದೆವು. ಮಗಳನ್ನು ಮಣೆ ಮೇಲೆ ಕೂಡಿಸಿ ನಾನು ಉಡಿ ತುಂಬುತ್ತಿದ್ದೆ. ನಮ್ಮ ಬೀಗತಿ ಪಕ್ಕದಲ್ಲೇ ನಿಂತಿದ್ದರು. ಆಕೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಮಗಳನ್ನು ಸ್ವಂತ ಮಗಳ ಹಾಗೆ ನೋಡಿಕೊಳ್ಳುತ್ತಾರೆ, ಅದೇ ನನಗೆ ಒಂದು ಉರಿ.

"ನೋಡ್ರಿ ಬೀಗರೇ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು. "ಬಿಸಿಲು ನೋಡಿದ್ರೆ ಹಿಂಗೈತೆ. ಹುಡುಗಿಗೆ ಸೆಕೆ ಆಗದಂಗೆ ನೋಡ್ಕಳ್ರಿ ಅಂತ ಡಾಕ್ಟರು ಬ್ಯಾರೆ ಅಂದಾರೆ. ನಮ್ಮನ್ಯಾಗೆ ಏಸಿ ಐತೆ. ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ. ನೀವೇ ದಿನಾ ಬಂದು ಹೋಗ್ರಿ, ಎಷ್ಟು ದೂರ ಐತೆ?"

ಸುತ್ತ ಕೂತ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಕೈಯಲ್ಲಿ ಅಕ್ಕಿ ಇತ್ತು, ಕೊಬ್ಬರಿ ಬಟ್ಟಲು ಇತ್ತು. ಮಗಳು ತಲೆ ತಗ್ಗಿಸಿಕೊಂಡು ಕೂತಿದ್ದಳು, ಅವಳ ಮುಖ ನನಗೆ ಕಾಣಲಿಲ್ಲ. ಚೊಚ್ಚಲ ಬಾಣಂತನ ನನ್ನ ಮನೆಯಲ್ಲಿ ಆಗದಿದ್ದರೆ ನಾನು ತಾಯಿಯಾಗಿ ಇದ್ದೂ ಏನು ಉಪಯೋಗ ಅನ್ನಿಸಿತು.

"ನಮ್ಮನ್ಯಾಗೂ ಏಸಿ ಐತಲ್ರಿ," ಎಂದೆ.

ಹೋಳಿಗೆ ತಿನ್ನುತ್ತಿದ್ದ ನಮ್ಮ ಯಜಮಾನರಿಗೆ ಕೆಮ್ಮು ಬಂತು. ಯಾರೋ ನೀರು ಕೊಟ್ಟರು.

"ಹೌದೇನ್ರಿ? ನಂಗೆ ಗೊತ್ತೇ ಇರ್ಲಿಲ್ಲ," ಎಂದರು ಬೀಗತಿ. "ಹಂಗಾದ್ರೆ ಬರೋ ಸೋಮವಾರ ನಾನೇ ಕರ್ಕಂಡು ಬರ್ತೀನಿ. ಕ್ವಾಣೆ ನೋಡ್ತೀನಿ. ಹುಡುಗಿಗೆ ಸರಿ ಅನ್ನಿಸಿದ್ರೆ ಬಿಟ್ಟು ಬರ್ತೀನಿ, ಇಲ್ಲಾಂದ್ರೆ ಸಂಜಿಗೆ ವಾಪಸ್ ಕರ್ಕಂಡು ಬರ್ತೀನಿ. ಆಗಬಹುದಲ್ಲ?"

ಆಗಬಹುದು ಎಂದೆ. ಇನ್ನೇನು ಅನ್ನಲಿ?

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ಊರು ಹತ್ತಿರ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಬಹಳ ಮೆತ್ತಗೆ ಕೇಳಿದರು: "ಯಾವ ಏಸಿ?"

"ನಾಳೆ ತರೋ ಏಸಿ," ಎಂದೆ.

ತರುವುದೇನೂ ಕಷ್ಟವಾಗಲಿಲ್ಲ. ಮಾರನೇ ದಿನ ಮಧ್ಯಾಹ್ನಕ್ಕೆಲ್ಲ ಗೂಡ್ಸ್ ಆಟೋದಲ್ಲಿ ಎರಡು ದೊಡ್ಡ ಡಬ್ಬಿ ಬಂದು ಪಡಸಾಲೆಯಲ್ಲಿ ಕೂತವು. ಕೂಡಿಸುವವರು ಮಾತ್ರ ಬರಲಿಲ್ಲ. ಫೋನ್ ಮಾಡಿದರೆ ಅಂಗಡಿಯವನು ನಗುನಗುತ್ತಾ, "ಸೀಸನ್ ಅಲ್ವೇನ್ರಿ ಅಮ್ಮಾರೇ, ಹುಡುಗ್ರು ಖಾಲಿನೇ ಇಲ್ಲ. ಒಂದೆರಡು ವಾರ ತಡಕಳ್ರಿ," ಎಂದ. ಮರುದಿನ ಮಾಡಿದೆ, ಅದೇ ನಗು. ಅದರ ಮರುದಿನ ಬೇರೆ ಮೂರು ಕಡೆ ಕೇಳಿದೆ. ದಾವಣಗೆರೆಯಲ್ಲಿ ಆ ವಾರ ಏಸಿ ಕೂಡಿಸುವವರನ್ನು ಹಿಡಿಯುವುದಕ್ಕಿಂತ ಮಂತ್ರಿಗಳನ್ನು ಹಿಡಿಯುವುದು ಸುಲಭವಿತ್ತು. ಶುಕ್ರವಾರ ಸಂಜೆ ನನಗೆ ಸಿಟ್ಟು ಬಂತು. ಮೊದಲೇ ಹೇಳಿದೆನಲ್ಲ, ಸಿಟ್ಟು ಬಂದರೆ ನನ್ನ ಬುದ್ಧಿ ಚುರುಕು. ಡಬ್ಬಿ ಹರಿದೆ, ಒಳಗಿದ್ದ ಪುಸ್ತಕ ತೆಗೆದೆ, ಕನ್ನಡಕ ಹಾಕಿಕೊಂಡು ಕೂತೆ.

ನಾನು ಬಿ.ಎಸ್ಸಿ. ಓದಿದವಳು. ಫಿಸಿಕ್ಸ್ ಓದಿ, ಬೇಳೆಯ ಹೋಲ್‌ಸೇಲ್ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು, ಕಲ್ಲು ಆರಿಸುತ್ತಾ ಕೂತೆ ಎಂದು ಎಷ್ಟೋ ಸಲ ನನ್ನನ್ನೇ ಬೈದುಕೊಂಡಿದ್ದೇನೆ. ಆದರೂ ಮನೆಯ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಫ್ಯಾನು, ನೀರಿನ ಮೋಟಾರು ಯಾವುದು ಕೆಟ್ಟರೂ ಬಿಚ್ಚುವವಳು ನಾನೇ. ಏಸಿ ಅಂದರೇನು, ಎರಡು ಪೆಟ್ಟಿಗೆ, ನಡುವೆ ಎರಡು ತಾಮ್ರದ ಕೊಳವೆ, ಒಂದು ವೈರು, ನೀರು ಹೋಗಲಿಕ್ಕೆ ಒಂದು ಪೈಪು. ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿದೆ. ಎಲ್ಲರೂ ಹೇಳಿದ್ದು ಒಂದೇ: ಕೊಳವೆ ಕೂಡಿಸಿದ ಮೇಲೆ ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು, ಆಮೇಲೆಯೇ ಗ್ಯಾಸು ಬಿಡಬೇಕು. ಆ ಪಂಪು ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿ ಫ್ರಿಜ್ಜು ರಿಪೇರಿ ಮಾಡುವವರೊಬ್ಬರಿದ್ದಾರೆ. ಗಾಡಿಯಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದರು. ಪಂಪು, ಮೀಟರು, ಸ್ಪ್ಯಾನರು ಎಲ್ಲ ಕೊಟ್ಟರು, ಒಳ್ಳೆಯದಾಗಲಿ ಎಂದು ಕೈ ಮುಗಿದರು. ನನಗೆ ಮುಗಿದರೋ ಏಸಿಗೆ ಮುಗಿದರೋ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆಯೇ ನಂದಿಗುಡಿಯಿಂದ ನಮ್ಮವ್ವ ಬಂದಳು. ಬಾಣಂತನ ಮಾಡಲಿಕ್ಕೆಂದೇ ಬಂದವಳು. ಬಸ್ಸಿಳಿದು ಆಟೋದಲ್ಲಿ ಎರಡು ಗಂಟು ತಂದಿದ್ದಳು: ಅಂಟು, ಅಳವಿ, ಓಂಕಾಳು, ಸಾಂಬ್ರಾಣಿ, ಹಳೇ ಹತ್ತಿ ಸೀರೆ, ಕೆಂಡ ಹಾಕುವ ಮಣ್ಣಿನ ಬೋಗುಣಿ. ಕೋಣೆಗೆ ಬಂದು ನೋಡಿದರೆ ನಾನು ಏಣಿ ಮೇಲೆ ನಿಂತು ಗೋಡೆಗೆ ಗುರುತು ಹಾಕುತ್ತಿದ್ದೆ.

"ಏನದು?"

"ಏಸಿ ಅವ್ವ. ತಣ್ಣಗೆ ಗಾಳಿ ಬರ್ತೈತೆ."

"ಬಾಣಂತಿ ಕ್ವಾಣಿಗೆ ತಣ್ಣನ್ ಗಾಳಿನಾ?" ಅವ್ವ ಗಂಟನ್ನು ನೆಲಕ್ಕೆ ಕುಕ್ಕಿದಳು. "ಕಿವೀಗೆ ಗಾಳಿ ಹೋದ್ರೆ ಏನಾಗ್ತೈತೆ ಗೊತ್ತೈತೇನು ನಿಂಗೆ? ನಾವೆಲ್ಲ ಬೆಂಕಿ ಕಾಸ್ಕಂಡು ಎದ್ದೋರು. ನಿನ್ನ ಹಡೆದಾಗ ವೈಶಾಖದ ಬಿಸಿಲು, ಮಂಚದ ಕೆಳಗೆ ಕೆಂಡ. ಸತ್ತೆನಾ ನಾನು?"

"ಸಾಯ್ಲಿಲ್ಲ. ಆದ್ರೆ ಇವತ್ತಿಗೂ ಅದನ್ನೇ ಹೇಳ್ತಿ ನೋಡು."

ಅವ್ವ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಏಣಿ ಹಿಡಿದುಕೊಂಡು ನಿಂತಳು. ಬಿದ್ದು ಸೊಂಟ ಮುರಿದುಕೊಂಡರೆ ಎರಡು ಬಾಣಂತನ ಮಾಡಬೇಕಾಗುತ್ತದೆ ಎಂದು ಗೊಣಗುತ್ತಿದ್ದಳು.

ನಾನು ಆರಿಸಿದ್ದು ಹಿತ್ತಲ ಕಡೆಯ ಕೋಣೆ. ಮೊದಲು ಅಲ್ಲಿ ಮನೆಬಳಕೆಯ ಹಿಟ್ಟಿನ ಗಿರಣಿ ಇತ್ತು, ಅದಕ್ಕೆಂದು ಮೀಟರಿನಿಂದಲೇ ದಪ್ಪ ವೈರು, ಅರ್ಥಿಂಗು ಎಲ್ಲ ಎಳೆಸಿದ್ದೆವು. ಗಿರಣಿಯನ್ನು ಪಡಸಾಲೆಗೆ ತಳ್ಳಿದೆವು. ಬಾಡಿಗೆಗೆ ತಂದ ಡ್ರಿಲ್ ಮಷಿನ್ನಿನಿಂದ ನಾಲ್ಕು ತೂತು ಕೊರೆದು, ಒಳಗಿನ ಪೆಟ್ಟಿಗೆ ನೇತು ಹಾಕುವ ತಗಡನ್ನು ಬಿಗಿದೆ. ಮಟ್ಟ ನೋಡಲಿಕ್ಕೆ ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ ನೋಡಿದೆ. ಆಮೇಲೆ ದೊಡ್ಡ ತೂತು. ಅದು ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲವಾದರೆ ನೀರು ಕೋಣೆಯೊಳಗೇ ಸೋರುತ್ತದೆ. ಮಷಿನ್ನು ಗೋಡೆಗೆ ಹಚ್ಚಿದಾಗ ನನ್ನ ಹಲ್ಲುಗಳೂ ಅದರ ಜೊತೆ ಕುಣಿದವು. ಕೆಂಪು ಇಟ್ಟಿಗೆ ಪುಡಿ ಕೂದಲಲ್ಲಿ, ಕಣ್ರೆಪ್ಪೆಯಲ್ಲಿ, ಅವ್ವನ ಬಿಳಿ ತಲೆಯಲ್ಲಿ. ಕೊನೆಗೆ ಗೋಡೆಯ ಆಚೆಯಿಂದ ಒಂದು ದುಂಡನೆ ಬೆಳಕು ಒಳಗೆ ಬಂತು. ನಾನು ಆ ತೂತಿಗೆ ಬಾಯಿಟ್ಟು ಹಿತ್ತಲಲ್ಲಿದ್ದ ನಮ್ಮ ಯಜಮಾನರಿಗೆ "ಕೂ" ಎಂದೆ. ಮದುವೆಯಾದ ಮೇಲೆ ನಾನು ಅವರಿಗೆ ಕೂ ಎಂದದ್ದು ಅದೇ ಮೊದಲು. ಅವರು ಹೆದರಿ ಹಿಂದಕ್ಕೆ ಜಿಗಿದರು.

ಹೊರಗಿನ ಪೆಟ್ಟಿಗೆ ಅವರ ಪಾಲಿನ ಕೆಲಸ. ಮಂಡಿಪೇಟೆಯಲ್ಲಿ ಬೇಳೆಯ ಮೂಟೆಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಈಗಲೂ ಹಮಾಲರು ಬರುವುದು ತಡವಾದರೆ ಅಂಗಿ ಬಿಚ್ಚಿ ತಾವೇ ಮೂಟೆ ಎತ್ತುತ್ತಾರೆ. ಆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಅಂಗಡಿಯಿಂದ ತಂದ ಮೂಟೆ ಎಳೆಯುವ ಕೊಕ್ಕೆಯನ್ನು ಕೈಗೆ ತೆಗೆದುಕೊಂಡರು.

"ರೀ! ಅದೇನು ತೊಗರಿ ಚೀಲ ಅಂದ್ಕಂಡ್ರಾ? ತೂತು ಬಿದ್ರೆ ಎಲ್ಲಾ ಮುಗೀತು!"

ಕೊಕ್ಕೆ ಕೆಳಗಿಟ್ಟರು. ಪೆಟ್ಟಿಗೆಯನ್ನು ತಬ್ಬಿ ಎತ್ತಿ, ಸ್ಟ್ಯಾಂಡಿನ ಮೇಲೆ ಸದ್ದಾಗದ ಹಾಗೆ ಇಟ್ಟರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

ಕೊಳವೆಗಳನ್ನು ತೂತಿನಿಂದ ಹೊರಗೆ ತಂದೆ. ತುದಿಯಲ್ಲಿ ತಾಮ್ರ ಕಹಳೆಯ ಬಾಯಿಯ ಹಾಗೆ ಅಗಲವಾಗಿರುತ್ತದೆ, ಅದರ ಮೇಲೆ ಹಿತ್ತಾಳೆಯ ನಟ್ಟು ಬಂದು ಬಿಗಿಯಾಗಿ ಕೂರುತ್ತದೆ. ಸಡಿಲವಾದರೂ ಸೋರುತ್ತದೆ, ಅತಿಯಾಗಿ ಬಿಗಿದರೂ ತಾಮ್ರ ಸೀಳುತ್ತದೆ. ಉಸಿರು ಬಿಗಿಹಿಡಿದು ಹದವಾಗಿ ತಿರುಗಿಸಿದೆ. ಸಾಕು ಅನ್ನಿಸಿದ ಕಡೆ ನಿಲ್ಲಿಸಿ, ನಟ್ಟಿನ ಮೇಲಿನಿಂದ ಅದು ಕೂತ ಪೆಟ್ಟಿಗೆಯ ಮೂತಿಯವರೆಗೆ ಕಾಡಿಗೆಯಲ್ಲಿ ಒಂದೊಂದು ಗೆರೆ ಎಳೆದೆ. ಆಮೇಲೆ ಎಷ್ಟು ಅಲುಗಿದೆ ಎಂದು ಗೊತ್ತಾಗಲಿ ಎಂದು ವಿಡಿಯೋದಲ್ಲಿ ಹಾಗೆ ಮಾಡಿದ್ದರು. ಅವ್ವ ಊಟಕ್ಕೆ ಕರೆದಳು. ಕೈ ತೊಳೆಯಲಿಕ್ಕೆ ಒಳಗೆ ಹೋದೆ.

ಊಟ ಮುಗಿಸಿ ಬಂದು ಪಂಪು ಹಚ್ಚಿದೆ. ಸ್ವಲ್ಪ ಹೊತ್ತು ಗುರ್ ಎಂದಿತು, ಮೀಟರಿನ ಮುಳ್ಳು ಕೆಳಗೆ ಇಳಿಯಿತು. ಪಂಪು ನಿಲ್ಲಿಸಿದೆ. ಮುಳ್ಳು ಅಲ್ಲೇ ನಿಲ್ಲಬೇಕು, ಅದೇ ಪರೀಕ್ಷೆ. ನಿಲ್ಲಲಿಲ್ಲ. ನೋಡನೋಡುತ್ತಲೇ ಮೇಲೆ ಹತ್ತಿತು. ಮತ್ತೆ ಹಚ್ಚಿದೆ, ಮತ್ತೆ ಹತ್ತಿತು. ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಎಂದು ಒಂದೊಂದೇ ನೋಡುತ್ತಾ ಬಂದು, ದೊಡ್ಡ ನಟ್ಟಿನ ಹತ್ತಿರ ನಿಂತುಬಿಟ್ಟೆ. ನಾನು ಎಳೆದ ಕಾಡಿಗೆ ಗೆರೆ ಎರಡು ತುಂಡಾಗಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಆಚೆಯ ತುಂಡು ಇನ್ನೊಂದು ಕಡೆ.

"ಇದನ್ನ ಯಾರು ಮುಟ್ಟಿದ್ರು?"

ನಮ್ಮ ಯಜಮಾನರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ನಾನೇ. ನೀನು ಕೈ ತೊಳಿಯಾಕೆ ಹೋದಾಗ... ಒಂಚೂರು ಕೊಸರು ಕೊಟ್ಟೆ."

ಕೊಸರು! ಮಂಡಿಪೇಟೆಯ ಬುದ್ಧಿ ಎಂದರೆ ಇದೇ. ಎಲೆಕ್ಟ್ರಾನಿಕ್ ತಕ್ಕಡಿ ಬಂದು ಎಷ್ಟು ವರ್ಷವಾಯಿತು, ಗ್ರಾಮಿನ ಲೆಕ್ಕಕ್ಕೂ ಅಂಕಿ ತೋರಿಸುತ್ತದೆ. ಆದರೂ ಇವರು ತೂಕ ಮುಗಿದ ಮೇಲೆ ಒಂದು ಹಿಡಿ ಬೇಳೆಯನ್ನು ಚೀಲಕ್ಕೆ ಎಸೆಯದೆ ಬಾಯಿ ಹೊಲಿಯಲು ಬಿಡುವುದಿಲ್ಲ. ಕೊಸರಿಲ್ಲದೆ ಕೊಟ್ಟರೆ ಅಂಗಡಿಗೆ ಏಳ್ಗೆಯಿಲ್ಲ ಎಂಬುದು ಅವರಪ್ಪ ಕಲಿಸಿದ್ದು. ಸೊಪ್ಪಿನವಳ ಹತ್ತಿರ ಒಂದು ಕಡ್ಡಿ ಹೆಚ್ಚಿಗೆ ಕೇಳುವವರೂ ಇವರೇ, ನೆಂಟರ ಎಲೆಗೆ ಬೇಡವೆಂದ ಮೇಲೂ ಒಂದು ಸೌಟು ಬಡಿಸುವವರೂ ಇವರೇ. ಈಗ ನಟ್ಟಿಗೂ ಕೊಸರು ಕೊಟ್ಟಿದ್ದರು. ಬಿಚ್ಚಿ ನೋಡಿದರೆ ತಾಮ್ರದ ಬಾಯಿ ಕೂದಲೆಳೆಯಷ್ಟು ಸೀಳಿತ್ತು.

ಆಗ ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ಅಡುಗೆಮನೆಯಿಂದ ಬಂದು, "ಗಂಡಸು ಊಟ ಮಾಡಿದ್ದು ಮೈಗೆ ಹತ್ತಲಿ, ಬಿಡೇ ಸಾಕು," ಎಂದಳು. ಅವರು ಮಲಗಲು ಹೋಗಲಿಲ್ಲ. ಅಲ್ಲೇ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಸೀಳಿದ ತಾಮ್ರವನ್ನು ಬೆರಳಲ್ಲಿ ಸವರುತ್ತಾ, "ಸರಿ ಮಾಡಾಕೆ ಆಗಲ್ಲೇನು?" ಎಂದು ಕೇಳಿದರು. ಮಗಳು ಬರುವುದು ನನ್ನೊಬ್ಬಳಿಗೇ ಬೇಕಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು.

ಸರಿ ಮಾಡಬಹುದಿತ್ತು. ಸೀಳಿದ ತುದಿಯನ್ನು ಕತ್ತರಿಸಿ ಹೊಸದಾಗಿ ಬಾಯಿ ಅಗಲಿಸಬೇಕು. ಅದಕ್ಕೊಂದು ಸಾಮಾನು ಬೇಕು. ಹಿಂದಿನ ಬೀದಿಯವರಿಗೆ ಫೋನ್ ಮಾಡಿದರೆ, ಅದು ಹರಿಹರದಲ್ಲಿ ತಮ್ಮ ಷಡ್ಡಕನ ಹತ್ತಿರ ಇದೆ, ಬೆಳಿಗ್ಗೆ ಹೋದರೆ ಕೊಡುತ್ತಾನೆ ಎಂದರು. ಹರಿಹರದಲ್ಲಿ! ಬೀಗರ ಊರಿನಲ್ಲಿ! ಹೋಗುವವರು ಇವರೇ. ಹೋಗ್ರಿ, ತಗೊಂಡು ಬರ್ರಿ, ಯಾರ ಕಣ್ಣಿಗೂ ಬೀಳಬ್ಯಾಡ್ರಿ ಎಂದು ಹತ್ತು ಸಲ ಹೇಳಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿಸಿದೆ.

ನಮ್ಮ ಯಜಮಾನರು ವ್ಯಾಪಾರದಲ್ಲಿ ಎಷ್ಟು ಜಾಣರೋ ಸುಳ್ಳಿನಲ್ಲಿ ಅಷ್ಟೇ ದಡ್ಡರು. ಸಾಮಾನು ಚೀಲದಲ್ಲಿ ಹಾಕಿಕೊಂಡು ವಾಪಸ್ ಬಸ್ ಸ್ಟ್ಯಾಂಡಿಗೆ ಬರುವಾಗ ಸರಿಯಾಗಿ ಬೀಗರ ಎದುರಿಗೇ ಸಿಕ್ಕಿದ್ದಾರೆ. ಬೀಗರು ಬಿಡುತ್ತಾರೆಯೇ? ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಿದ್ದಾರೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಎಲ್ಲ ಆಗಿದೆ. ಏನು ಕೆಲಸ ಇತ್ತು ಎಂದು ಕೇಳಿದ್ದಕ್ಕೆ ಇವರು, "ಏನಿಲ್ಲ, ಸುಮ್ನೆ," ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ಹರಿಹರಕ್ಕೆ ಸುಮ್ಮನೆ ಹೋಗುವವರು ಯಾರಿದ್ದಾರೆ?

ಇಷ್ಟೆಲ್ಲ ನನಗೆ ಗೊತ್ತಾದದ್ದು ಮಗಳ ಫೋನಿನಿಂದ. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು, ಬಚ್ಚಲುಮನೆಯಿಂದ ಇರಬೇಕು, ನಲ್ಲಿ ನೀರಿನ ಸದ್ದು ಕೇಳುತ್ತಿತ್ತು.

"ಅಮ್ಮಾ, ಅಪ್ಪಾಜಿ ಚೀಲದಾಗೆ ಏನೋ ಕಬ್ಬಿಣದ್ದು ಐತೆ. ನೋಡಿದೆ. ಏಸಿ ಇನ್ನೂ ಕೂಡ್ಸಿಲ್ಲ ಅಲ್ವಾ?"

ಅವ್ವನಿಗೆ ಕೇಳಿಸದಿರಲಿ ಎಂದು ನಾನು ಫೋನ್ ಹಿಡಿದುಕೊಂಡು ಹಿತ್ತಲಿಗೆ ಬಂದೆ.

"ಯಾರಿಗೂ ಹೇಳಿಲ್ಲ. ಆದ್ರೆ ಅಮ್ಮಾ, ನಾಳೆಯೊಳಗೆ ಆಗ್ತೈತಾ?"

"ನಿಂಗೆ ಅಲ್ಲೇ ಚೆನ್ನಾಗೈತೇನೋ ಅಂದ್ಕಂಡಿದ್ದೆ," ಎಂದೆ. ಯಾಕೆ ಹಾಗೆ ಅಂದೆನೋ. ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಂತು.

"ಚೆನ್ನಾಗೇ ಐತೆ. ಅತ್ತೆ ಭಾಳ ಚೆನ್ನಾಗಿ ನೋಡ್ಕತಾರೆ. ಅದಕ್ಕೇ ಬಾಯಿಬಿಟ್ಟು ಹೇಳಾಕೆ ಆಗ್ತಿಲ್ಲ." ಅವಳ ದನಿ ಒಡೆಯಿತು. "ಕುಬುಸದ ಮಾರನೇ ದಿನಾನೇ ಬ್ಯಾಗು ತುಂಬಿಟ್ಟೀನಿ ಅಮ್ಮಾ. ನಂಗೆ ಮನಿಗೆ ಬರ್ಬೇಕು."

ಫೋನ್ ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಮೇಲೆ ಆ ಸೆರಗನ್ನೇ ಸೊಂಟಕ್ಕೆ ಬಿಗಿದೆ.

ಯಜಮಾನರು ಬಂದಾಗ ಮಧ್ಯಾಹ್ನ. ಚೀಲ ಕೊಟ್ಟು ತಪ್ಪಿತಸ್ಥರ ಹಾಗೆ ನಿಂತರು. ಆದರೆ ಒಂದು ಸುದ್ದಿ ತಂದಿದ್ದರು. "ಅವರ ಏಸಿ ನೀರು ಸೋರ್ತೈತೆ ಕಣೇ. ಕೆಳಗೊಂದು ಬಕೆಟ್ ಇಟ್ಟಾರೆ." ಇಂಥ ಸುದ್ದಿಗೆ ನಾನು ಅವರ ಅರ್ಧ ತಪ್ಪನ್ನು ಮನ್ನಿಸಿದೆ.

ಸೀಳಿದ ತುದಿ ಕತ್ತರಿಸಿ, ಒರಟು ತೆಗೆದು, ಸಾಮಾನಿನ ಬಾಯಿಗೆ ಕೊಳವೆ ಕೊಟ್ಟು ತಿರುಪು ತಿರುಗಿಸಿದೆ. ತಾಮ್ರ ನಿಧಾನಕ್ಕೆ ಅರಳಿತು. ಎಷ್ಟು ಚಂದ, ಎಷ್ಟು ದುಂಡಗೆ! ಹೆಮ್ಮೆಯಿಂದ ಅವ್ವನಿಗೂ ಯಜಮಾನರಿಗೂ ತೋರಿಸಿದೆ. ಆಮೇಲೆ ನೋಡಿದರೆ ಹಿತ್ತಾಳೆ ನಟ್ಟು ನನ್ನ ಎಡಗೈಯಲ್ಲೇ ಇತ್ತು. ಮೊದಲು ನಟ್ಟು ಹಾಕಿ ಆಮೇಲೆ ಬಾಯಿ ಅಗಲಿಸಬೇಕು. ಅಗಲಿಸಿದ ಬಾಯಿಯ ಮೇಲಿಂದ ನಟ್ಟು ಹೇಗೆ ತೂರುತ್ತದೆ? ಯಜಮಾನರು ನಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದಕ್ಕೇ ನನಗೆ ಹೆಚ್ಚು ಉರಿಯಿತು.

ಮತ್ತೆ ಕತ್ತರಿಸಿದೆ. ಕೊಳವೆ ಗಿಡ್ಡವಾಗುತ್ತಾ ಬರುತ್ತಿತ್ತು. ಪುಣ್ಯಕ್ಕೆ ಗೋಡೆಯ ಹೊರಗೆ ಒಂದು ಸುತ್ತು ಹೆಚ್ಚಿಗೆ ಬಿಟ್ಟಿದ್ದೆ, ಅದನ್ನು ಮೆಲ್ಲಗೆ ಬಿಡಿಸಿಕೊಂಡೆವು. ಈ ಸಲ ಕೆಟ್ಟರೆ ಕೊಳವೆಯೇ ಸಾಲುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ನಟ್ಟು ಹಾಕಿದೆ. ನಟ್ಟು ಹಾಕಿದೆನಾ ಎಂದು ಕೇಳಿದೆ. ಹಾಕಿದ್ದೀಯ ಎಂದರು ಇಬ್ಬರೂ. ಬಾಯಿ ಅಗಲಿಸಿದೆ, ಕೂಡಿಸಿದೆ, ಬೆರಳಲ್ಲಿ ತಿರುಗಿಸಿದೆ, ಆಮೇಲೆ ಸ್ಪ್ಯಾನರು ಹಿಡಿದೆ. ಹದಕ್ಕೆ ಬಂದ ಕೂಡಲೇ ಯಜಮಾನರು ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಅವರಿಗೆ ಅದೆಷ್ಟು ಕಷ್ಟವಾಯಿತೋ ನನಗೆ ಗೊತ್ತು.

ಪಂಪು ಹಚ್ಚಿದೆ. ಈ ಸಲ ಬಹಳ ಹೊತ್ತು ಓಡಲು ಬಿಟ್ಟೆ. ನಿಲ್ಲಿಸಿದೆ. ಮೂವರೂ ಮೀಟರಿನ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಮುಳ್ಳು ನಿಂತಿತು. ಅವ್ವ ಅದು ಕೆಟ್ಟಿರಬೇಕು ಎಂದಳು. ಚಹಾ ಕುಡಿದು ಬಂದು ನೋಡಿದೆವು, ಅಲ್ಲೇ ಇತ್ತು. ಸಂಜೆ ಬಿಸಿಲು ಹಿತ್ತಲ ಗೋಡೆ ಬಿಡುವ ಹೊತ್ತಿಗೆ ಮತ್ತೆ ನೋಡಿದೆವು, ಕದಲಿರಲಿಲ್ಲ.

ಹೊರಗಿನ ಪೆಟ್ಟಿಗೆಯಲ್ಲಿ ಮೊದಲೇ ತುಂಬಿದ್ದ ಗ್ಯಾಸನ್ನು ಕೀಲಿ ತಿರುಗಿಸಿ ಬಿಟ್ಟೆ. ಕೊಳವೆಯೊಳಗೆ ಸಣ್ಣಗೆ ಸುಯ್ ಎಂಬ ಸದ್ದು ಓಡಿತು. ಸೋಪಿನ ನೊರೆ ಹಚ್ಚಿ ನೋಡಬೇಕು ಎಂದಾಗ ಅವ್ವ ಸೋಪು ಯಾಕೆ ಎಂದು ಅಂಟುವಾಳದ ನೊರೆ ಮಾಡಿ ತಂದಳು. ಕೊಳವೆ ಕೂಡುವ ಕಡೆಗೆಲ್ಲ ಹಚ್ಚಿದೆವು, ಒಂದು ಗುಳ್ಳೆ ಏಳಲಿಲ್ಲ. ಮೇನ್ ಆಫ್ ಮಾಡಿ ವೈರುಗಳನ್ನು ಅಂಕಿಗೆ ಅಂಕಿ, ಬಣ್ಣಕ್ಕೆ ಬಣ್ಣ ನೋಡಿ ಮೂರು ಸಲ ಬಿಗಿದೆ. ಶುರು ಮಾಡುವ ಮುಂಚೆ ಅವ್ವ ತಡೆದಳು. ಹೊಸ ಯಂತ್ರ, ಪೂಜೆಯಿಲ್ಲದೆ ಹೇಗೆ? ವಿಭೂತಿ ತಂದು, ಹೊಸ್ತಿಲಲ್ಲಿ ಕಾಯಿ ಒಡೆಸಿದಳು. ಬೇಡವೆಂದು ಕೂಗಾಡಿದವಳೇ ಈಗ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆಯಲು ಏಣಿ ಹತ್ತಲು ಹೊರಟಿದ್ದಳು. ನಾನೇ ಹತ್ತಿ ಹಚ್ಚಿದೆ.

ರಿಮೋಟು ಒತ್ತಿದೆ. ಪೆಟ್ಟಿಗೆಯ ರೆಕ್ಕೆ ಮೆಲ್ಲಗೆ ತೆರೆಯಿತು. ಮೊದಲು ಬರೀ ಗಾಳಿ, ನಮ್ಮ ಸೀಲಿಂಗ್ ಫ್ಯಾನಿನ ಗಾಳಿಯಷ್ಟೇ ಬೆಚ್ಚಗೆ. ಆಮೇಲೆ ಹಿತ್ತಲಲ್ಲಿ ದೊಡ್ಡ ಪೆಟ್ಟಿಗೆ ಗುಂಯ್ ಎಂದಿತು. ಇಟ್ಟಿಗೆ ಪುಡಿ, ಬೆವರು ಎಲ್ಲ ಮೆತ್ತಿದ್ದ ನನ್ನ ಕತ್ತಿನ ಮೇಲೆ ತಣ್ಣಗೆ, ನಿಜಕ್ಕೂ ತಣ್ಣಗೆ, ಗಾಳಿ ಬಂದು ಬಿತ್ತು. ನಾನು ಏನೆಂದು ಕೂಗಿದೆನೋ, ಪಕ್ಕದ ಮನೆಯವರು ಏನಾಯ್ತು ಎಂದು ಕಾಂಪೌಂಡಿನ ಮೇಲಿಂದ ಇಣುಕಿದರು. ನಮ್ಮ ಯಜಮಾನರು ಹಿತ್ತಲಿಗೆ ಓಡಿಹೋಗಿ, ಪೈಪಿನ ತುದಿಯಲ್ಲಿ ಬೊಗಸೆ ಹಿಡಿದು, ಹನಿ ಹನಿ ನೀರು ಹಿಡಿದುಕೊಂಡು ಬಂದು ನನಗೆ ತೋರಿಸಿದರು. "ಹೊರಗೇ ಬರ್ತೈತೆ! ಒಳಗೆ ಒಂದು ಹನಿ ಇಲ್ಲ!" ಮಗಳು ಹುಟ್ಟಿದ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದಾಗ ಅವರ ಮುಖ ಹೀಗೇ ಇತ್ತು.

ಸೋಮವಾರ ಬಿಸಿಲು ಏರುವ ಹೊತ್ತಿಗೆ ಬೀಗತಿ ಮಗಳನ್ನು ಕಾರಿನಲ್ಲಿ ಕರೆದುಕೊಂಡು ಬಂದರು. ಆರತಿ ಮಾಡಿ ಒಳಗೆ ಕರೆದೆವು. ಮಗಳು ಕಣ್ಣಲ್ಲೇ ನನ್ನನ್ನು ಕೇಳಿದಳು, ನಾನು ಕಣ್ಣಲ್ಲೇ ಹೂಂ ಎಂದೆ. ಬೀಗತಿ ಕೋಣೆಯ ಬಾಗಿಲು ದಾಟಿ ನಿಂತರು. ತಂಪು ಮುಖಕ್ಕೆ ತಾಗಿದ್ದು ಅವರ ಕಣ್ಣಲ್ಲೇ ಕಂಡಿತು. ಮೇಲೆ ನೋಡಿದರು, ಕೆಳಗೆ ನೋಡಿದರು.

"ಬಕೆಟ್ ಎಲ್ಲಿಡ್ತೀರಿ?"

"ಬಕೆಟ್ ಯಾಕ್ರಿ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ನೀರು?"

"ಹಿತ್ತಲಾಗೆ ಹೋಗ್ತೈತ್ರಿ. ಗೋಡೆ ತೂತು ಹೊರಗೆ ಇಳಿಜಾರು ಇದ್ರೆ ಒಳಗೆ ಸೋರಲ್ಲ."

"ಭಾಳ ಚೊಲೋ ಕೂಡ್ಸ್ಯಾರೆ. ಯಾರ್ರಿ ಮೇಸ್ತ್ರಿ? ನಮ್ಮನಿಗೂ ಕಳಿಸ್ರಿ ಒಂದ್ಸಲ."

ಆ ಪ್ರಶ್ನೆಗಾಗಿ ನಾನು ಎರಡು ದಿನ ಇಟ್ಟಿಗೆ ಪುಡಿ ತಿಂದಿದ್ದೆ. ಸೆರಗು ಸರಿಮಾಡಿಕೊಂಡು, "ನಾನೇ," ಎಂದೆ. ಬೀಗತಿ ನಂಬಲಿಲ್ಲ. ನಮ್ಮ ಯಜಮಾನರು ಬಾಗಿಲಿನಿಂದಲೇ, "ಅವಳೇ ರೀ," ಎಂದರು. ಅಷ್ಟಕ್ಕೇ ಬಿಡದೆ, "ಗ್ಯಾಸು, ವೈರು, ತೂತು, ಎಲ್ಲಾ ಅವಳೇ," ಎಂದೂ ಸೇರಿಸಿದರು. ಆ ಒಂದು ಕೊಸರಿಗೆ ಮಾತ್ರ ನಾನು ಬೈಯಲಿಲ್ಲ. ಬೀಗತಿ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳ ತುಂಬ ಗೀರು, ಉಗುರಿನಲ್ಲಿ ಕಪ್ಪು.

ಅಡುಗೆಮನೆಯಲ್ಲಿ ಕೂತು ಊಟ ಮಾಡಿದೆವು, ಮಾತಾಡಿದೆವು. ಕ್ಷಣಕ್ಷಣಕ್ಕೂ ನನಗೆ ಸಂಜೆಯದೇ ಚಿಂತೆ. ಕೋಣೆ ಮೆಚ್ಚಿದ್ದಾರೆ ನಿಜ, ಆದರೆ ಬಿಟ್ಟು ಹೋಗುತ್ತೇನೆ ಎಂಬ ಮಾತು ಅವರ ಬಾಯಿಂದ ಬಂದಿರಲಿಲ್ಲ. ಹೊರಡುವ ಹೊತ್ತಾಯಿತು. ಮಗಳನ್ನು ಕರೆಯಲು ಇಬ್ಬರೂ ಒಟ್ಟಿಗೆ ಕೋಣೆಗೆ ಹೋದೆವು.

ಅವಳು ಮಂಚದ ಮೇಲೆ ಒಂದು ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದು, ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಮಲಗುತ್ತಿದ್ದ ಹಾಗೆ ಮಲಗಿದ್ದಳು. ಅವ್ವ ಅವಳ ಕಿವಿಗೆ ಹಳೇ ಹತ್ತಿ ಸೀರೆಯ ತುಂಡು ಕಟ್ಟಿ, ಪಾದ ಒತ್ತುತ್ತಾ ಕೂತಿದ್ದಳು. ರಿಮೋಟು ಅವ್ವನ ಎಲೆಅಡಿಕೆ ಚೀಲದಿಂದ ಇಣುಕುತ್ತಿತ್ತು. ನಾವು ಬಂದದ್ದು, ಬಳೆಗಳ ಸದ್ದು, ಯಾವುದೂ ಮಗಳಿಗೆ ಗೊತ್ತಾಗಲಿಲ್ಲ.

ಬೀಗತಿ ಬಹಳ ಹೊತ್ತು ನೋಡುತ್ತಾ ನಿಂತರು.

"ತಿಂಗಳಾತು, ಹಿಂಗೆ ಮಲಗಿದ್ದು ನಾ ನೋಡಿಲ್ಲ," ಎಂದರು ಮೆಲ್ಲಗೆ. "ನಮ್ಮಲ್ಲೂ ಏಸಿ ಐತೆ. ಬರೇ ಏಸಿಯಿಂದ ಏನ್ರಿ ಆಗ್ತೈತೆ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಎಬ್ಬಿಸ್ಬ್ಯಾಡ್ರಿ. ಇಲ್ಲೇ ಇರ್ಲಿ. ಮಗೀಗೆ ಐದು ತಿಂಗಳು ತುಂಬೋ ತನಕ ಇಲ್ಲೇ ಇರ್ಲಿ."

ಕಾರು ಹೋದ ಮೇಲೆ ಒಬ್ಬಳೇ ಕೋಣೆಗೆ ವಾಪಸ್ ಬಂದೆ. ಗೆದ್ದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕೆನ್ನಿಸಿತು. ಮಗಳಿಗೆ ಎಚ್ಚರವಾಗುತ್ತದೆ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ.